ಜೊಂಡಿನ ಹಿಂದಿನ ನೀರು

ಭಾನುವಾರ, ಮಧ್ಯಾಹ್ನದ ಊಟವಾದ ಮೇಲೆ
ಬಲೆ ಷೆಡ್ಡಿನಿಂದ

ಪ್ರೀತಿಯ ಮಗಳೇ,

ಅಮ್ಮ ಕಾಗದ ಬರೆದಿದ್ದಾಳೆ ಎಂದ ಕೂಡಲೇ ಏನೋ ಆಗಬಾರದ್ದು ಆಗಿದೆ ಎಂದು ಗಾಬರಿಯಾಗಬೇಡ. ಎಲ್ಲರೂ ಗಟ್ಟಿಯಾಗಿಯೇ ಇದ್ದೇವೆ. ಫೋನಿನಲ್ಲಿ ನಿನ್ನ ಜೊತೆ ಮಾತಾಡಿ ಮಾತಾಡಿ ನನಗೆ ಸಾಕಾಗಿಹೋಗಿದೆ, ಅಷ್ಟೇ. ನಾನು ಪೀಠಿಕೆ ಮುಗಿಸುವಷ್ಟರಲ್ಲಿ ಮೇಲಿನ ಕೆರೆಯ ನಿನ್ನ ತಪಾಸಣೆ ಕಟ್ಟೆಗೆ ಯಾರದೋ ದೋಣಿ ಬಂದಿರುತ್ತದೆ. "ಆಮೇಲೆ ಮಾಡ್ತೀನಮ್ಮಾ" ಎಂದು ಇಟ್ಟೇಬಿಡುತ್ತೀಯ. ನಿನಗೆ ಬಿಡುವಾಗಿ ನೀನೇ ಮಾಡುವ ಹೊತ್ತಿಗೆ ನಿಮ್ಮಪ್ಪ ಮನೆಯಲ್ಲಿರುತ್ತಾರೆ. ಎದ್ದು ಹೋದರೆ ಮಗಳ ಫೋನು ಬಂತೆಂದು ಎದ್ದು ಹೋದ ಹಾಗಾಗುತ್ತದೆ, ಕೂತರೆ ಕೇಳಿಸಿಕೊಳ್ಳುತ್ತ ಕೂತ ಹಾಗಾಗುತ್ತದೆ. ಅದಕ್ಕೆ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು, ನಾನು ಫೋನು ಇಡುವವರೆಗೂ ಒಂದೇ ಪುಟ ಓದುತ್ತಾರೆ. ಅವರ ಎದುರಿಗೇ ಅವರ ವಿಷಯ ಹೇಳುವುದು ಹೇಗೆ? ಕಾಗದವಾದರೆ ಆ ತೊಂದರೆ ಇಲ್ಲ. ನಡುವೆ ಬಾಯಿ ಹಾಕಲು ನಿನಗೂ ಆಗುವುದಿಲ್ಲ.

ಮೊದಲು ಕೆರೆಯ ಸಮಾಚಾರ. ನೀನು ಕೆರೆ ಹೇಗಿದೆ ಎಂದು ಕೇಳುತ್ತೀಯೇ ಹೊರತು ಅಮ್ಮನ ಮೊಣಕಾಲು ಹೇಗಿದೆ ಎಂದು ಕೇಳುವವಳಲ್ಲ. ಮೊಣಕಾಲು ಚೆನ್ನಾಗಿದೆ, ಕೇಳಿದ್ದಕ್ಕೆ ಸಂತೋಷ.

ಕೆರೆ ಈ ಬೇಸಿಗೆಯಲ್ಲಿ ಇನ್ನೂ ತಿಳಿಯಾಗಿದೆ. ದೋಣಿಕಟ್ಟೆಯ ಮೇಲೆ ನಿಂತರೆ ಯಾರೋ ಯಾವ ಕಾಲದಲ್ಲೋ ಎಸೆದ ಸೈಕಲ್ ಚಕ್ರ, ಕಾಲು ಮುರಿದ ಕುರ್ಚಿ, ಎಲ್ಲ ಕಾಣುತ್ತವೆ. ಹೊರಗಿನಿಂದ ಬಂದವರು ಬಗ್ಗಿ ನೋಡಿ ಆಹಾ ಎನ್ನುತ್ತಾರೆ. ಅವರನ್ನೇನು ಬಯ್ಯಲಿ, ಮೊದಲ ವರ್ಷ ನಾವೂ ಹಾಗೇ ಅಂದವರೇ. ಈ ಪಟ್ಟೆಚಿಪ್ಪುಗಳು ಬಂದ ಹೊಸತರಲ್ಲಿ ಊರಿಗೆ ಊರೇ ಹಿಗ್ಗಿತ್ತಲ್ಲ. ಹೆಬ್ಬೆರಳಿನ ಉಗುರಿನಷ್ಟಿವೆ, ಬೆನ್ನ ಮೇಲೆ ಕಂದು ಗೆರೆ ಬೇರೆ, ಮುದ್ದಾಗಿವೆ ಎಂದು ನಾನೇ ಒಂದಿಷ್ಟು ತಂದು ಕಿಟಕಿಯಲ್ಲಿ ಇಟ್ಟಿದ್ದೆ. ಯಾವ ಪರವೂರಿನಿಂದ ಯಾವ ದೋಣಿಯ ತಳ ಕಚ್ಚಿಕೊಂಡು ಬಂದಿದ್ದವೋ, ಯಾರು ಕೇಳಿದರು? ಪುರಸಭೆಯವರು "ಸ್ಫಟಿಕದಂಥ ಕೆರೆಗೆ ಸ್ವಾಗತ" ಎಂದು ಬೋರ್ಡು ಬರೆಸಿದರು. ಆಗಿನ್ನೂ ಓದುತ್ತಿದ್ದ ನೀನೊಬ್ಬಳು ರಜೆಗೆ ಬಂದವಳು ಆ ಬೋರ್ಡಿನ ಕೆಳಗೆ ನಿಂತು ಮುಖ ಸಿಂಡರಿಸಿದೆ. ಒಂದೊಂದು ಚಿಪ್ಪೂ ದಿನಕ್ಕೆ ಒಂದು ಬಾಟಲಿಯಷ್ಟು ನೀರನ್ನು ಹೀರಿ ಸೋಸುತ್ತದೆ, ಸೋಸಿ ತಿನ್ನುವುದು ಬರೀ ಕೊಳೆಯನ್ನಲ್ಲ, ಮೀನುಮರಿಗಳ ಊಟವನ್ನು ಎಂದೆ. "ನೀರು ತಿಳಿಯಾಗಿದೆ ಅಂದ್ರೆ ತಟ್ಟೆ ಖಾಲಿ ಆಗಿದೆ ಅಂತ ಅರ್ಥ ಅಮ್ಮಾ" ಎಂದು ಹೇಳಿದೆ. ನಾವು ನಕ್ಕುಬಿಟ್ಟೆವು. ನಾಲ್ಕು ಅಕ್ಷರ ಕಲಿತದ್ದಕ್ಕೆ ಹುಡುಗಿಗೆ ಚೆಂದದ ನೀರೂ ಕಣ್ಣಿಗೆ ಹಿಡಿಸುವುದಿಲ್ಲ ಎಂದುಕೊಂಡೆವು.

ಈಗ ಯಾರೂ ನಗುವುದಿಲ್ಲ. ಬಿಸಿಲು ತಳದವರೆಗೂ ಇಳಿದು ನೀರುಗಿಡಗಳು ಹುಟ್ಟಿಗೆ ಸುತ್ತಿಕೊಳ್ಳುವಷ್ಟು ಬೆಳೆದಿವೆ. ಸೆಕೆ ಜಾಸ್ತಿಯಾದ ವಾರಗಳಲ್ಲಿ ದೋಣಿಕಟ್ಟೆಯ ಮೂಲೆಯಲ್ಲಿ ಹಸಿರು ಪಾಚಿ ಬಣ್ಣ ಚೆಲ್ಲಿದಂತೆ ಕಟ್ಟುತ್ತದೆ, ಅದು ವಿಷ, ನಾಯಿಗಳನ್ನು ಅತ್ತ ಬಿಡಬೇಡಿ ಎಂದು ಸಾರಿದ್ದಾರೆ. ಎಲ್ಲವನ್ನೂ ತಿನ್ನುವ ಪಟ್ಟೆಚಿಪ್ಪಿಗೆ ಅದೊಂದು ಪಾಚಿ ಮಾತ್ರ ಬಾಯಿಗೆ ಹತ್ತುವುದಿಲ್ಲವಂತೆ, ಉಗುಳಿಬಿಡುತ್ತದಂತೆ. ಅದರ ನಾಲಿಗೆ ಎಷ್ಟು ನಾಜೂಕು ನೋಡು. ಹೋದ ತಿಂಗಳು ನೀರು ಸರಬರಾಜಿನ ಪೈಪು ಕಟ್ಟಿಕೊಂಡು ನಲ್ಲಿಗಳೆಲ್ಲ ಉಸ್ ಎಂದು ಗಾಳಿ ಬಿಟ್ಟವು. ಪೈಪಿನೊಳಗಿಂದ ಬಕೆಟ್ಟುಗಟ್ಟಲೆ ಚಿಪ್ಪು ಕೆರೆದು ತೆಗೆದು ರಸ್ತೆ ಬದಿ ಸುರಿದರು, ಆ ನಾತಕ್ಕೆ ಎದುರುಮನೆಯ ದರ್ಜಿ ಅಂಗಡಿ ಮುಚ್ಚಿ ಅತ್ತೆಮನೆಗೆ ಹೋದ. ಮಕ್ಕಳು ಈಗ ಚಪ್ಪಲಿ ಹಾಕಿಕೊಂಡು ಈಜುತ್ತವೆ. ಬರಿಗಾಲಲ್ಲಿ ಇಳಿದರೆ ಬ್ಲೇಡಿನ ಮೇಲೆ ಕಾಲಿಟ್ಟ ಹಾಗೆ.

ಊರಲ್ಲಿ ಇದರಿಂದ ಕೆಲಸ ಹೆಚ್ಚಾದದ್ದು ನನಗೊಬ್ಬಳಿಗೆ. ಬಲೆಗಳೆಲ್ಲ ಕಣ್ಣು ಹರಿದುಕೊಂಡು, ಚಿಪ್ಪು ಕಚ್ಚಿಕೊಂಡು ಬರುತ್ತವೆ. ಇಕ್ಕಳ ಹಿಡಿದು ಒಂದೊಂದನ್ನೇ ಕೀಳುತ್ತೇನೆ, ಆಮೇಲೆ ಹೆಣೆಯುತ್ತೇನೆ. ಆದರೆ ಬಲೆ ತರುವವರ ಮುಖ ನೋಡಿದರೆ ಕೆಲಸ ಸಿಕ್ಕಿತೆಂದು ಸಂತೋಷಪಡಲು ಮನಸ್ಸಾಗುವುದಿಲ್ಲ. ಬೀಳುವ ಮೀನಿಗೆ ತಲೆಯೊಂದೇ, ಮೈಯಿಲ್ಲ. ನಮ್ಮ ಹಳೇ ದೊಡ್ಡ ಕಪ್ಪೆಚಿಪ್ಪುಗಳಂತೂ, ನೀನು ಚಿಕ್ಕಂದಿನಲ್ಲಿ ಸೋಪು ಇಡಲು ತರುತ್ತಿದ್ದೆಯಲ್ಲ, ಅಂಗೈ ಅಗಲದವು, ಅವು ಮುಗಿದೇಹೋದವು ಎಂದು ಎಲ್ಲರೂ ಕೈ ತೊಳೆದುಕೊಂಡಿದ್ದರು. ಪಟ್ಟೆಯವು ಅವುಗಳ ಮೈಮೇಲೇ ಗುಂಪುಗಟ್ಟಿ ಕೂತು ಬಾಯಿ ತೆರೆಯಲೂ ಬಿಡದೆ ಉಪವಾಸ ಕೆಡವಿ ಕೊಂದವು. ದಡದಲ್ಲಿ ಸಿಕ್ಕಿದ್ದೆಲ್ಲ ಬರೀ ಖಾಲಿ ಚಿಪ್ಪು.

ಇನ್ನು ಆ ದಿನದ ಮಾತು. ಹೋದ ವರ್ಷದ ಪಂದ್ಯದ ದಿನದ ಮಾತನ್ನು ನಾವು ಮೂವರೂ ಬಾಯಿಗೆ ಬೀಗ ಹಾಕಿಕೊಂಡು ಕಾಪಾಡಿದ್ದೇವೆ. ನಾನು ಲಾರಿಯ ಮುಂದಿನ ಸೀಟಿನಲ್ಲಿ ಕೂತು ಇಬ್ಬರ ಮುಖವನ್ನೂ ನೋಡಿದವಳು. ಒಂದೇ ಸಲ ಬರೆದು ಮುಗಿಸುತ್ತೇನೆ.

ವರ್ಷಕ್ಕೊಮ್ಮೆ ಮೇಲಿನ ಕೆರೆಯಲ್ಲಿ ನಡೆಯುವ ದೋಣಿ ಪಂದ್ಯಕ್ಕೆ ನಿಮ್ಮಪ್ಪ ಮದುವೆಗೆ ಹೊರಟ ಹಾಗೆ ತಯಾರಾಗುತ್ತಾರೆ. ಮರದ ದೋಣಿ ಒಣಗಿದರೆ ಹಲಗೆಗಳ ಸಂದು ಬಿಡುತ್ತದೆ, ನೀರಿಗಿಳಿಸಿದ ಕೂಡಲೇ ಒಸರುತ್ತದೆ. ಅದಕ್ಕೆ ದಾರಿಯುದ್ದಕ್ಕೂ ದೋಣಿಯಲ್ಲಿ ಒದ್ದೆ ಗೋಣಿಚೀಲ ಹಾಸಿ, ನಡುನಡುವೆ ಲಾರಿ ನಿಲ್ಲಿಸಿ ಡ್ರಮ್ಮಿನಿಂದ ನೀರು ಚಿಮುಕಿಸುತ್ತ ಹೋಗುವುದು ಅವರ ಪದ್ಧತಿ. ಅವರ ಅಪ್ಪನೂ ಹಾಗೇ ಮಾಡುತ್ತಿದ್ದರು. ತಪಾಸಣೆ ಕಟ್ಟೆಯಲ್ಲಿ ನೀನು ಗೋಣಿಚೀಲ ಎತ್ತಿ, ಇದಕ್ಕೆ ಹಾಕಿದ್ದು ಯಾವ ನೀರು ಎಂದು ಕೇಳಿದೆ. ಅವರು ಎದೆ ಉಬ್ಬಿಸಿ, "ನಮ್ಮ ಕೆರೆ ನೀರೇ, ಇನ್ಯಾವ ನೀರು ಹಾಕ್ಲಿ? ಈ ದೋಣಿ ಬೇರೆ ನೀರು ಕುಡಿಯಲ್ಲ" ಎಂದರು. ಮಗಳು ಮೆಚ್ಚಿಕೊಳ್ಳುತ್ತಾಳೆ ಎಂದುಕೊಂಡಿದ್ದರು, ಮಗಳೇ. ದೇವರಾಣೆ ಹಾಗೆಂದುಕೊಂಡಿದ್ದರು. ಆ ನೀರಿನಲ್ಲಿ ಕಣ್ಣಿಗೆ ಕಾಣದ ಪಟ್ಟೆಚಿಪ್ಪಿನ ಮರಿಗಳು ತುಂಬಿರುತ್ತವೆ, ಆ ಒಂದು ಡ್ರಮ್ಮು ಸಾಕು ಮೇಲಿನ ಕೆರೆಯೂ ನಮ್ಮ ಕೆರೆಯಂತಾಗಲು ಎಂಬುದು ಅವರ ತಲೆಗೇ ಹೋಗಿರಲಿಲ್ಲ. ನೀನು ಬಗ್ಗಿ ತಳದ ಹಲಗೆಗೆ ಕೈ ಆಡಿಸಿದೆ. ಮರಿಗಳು ಅಂಟಿ ಮರಳುಕಾಗದದ ಹಾಗೆ ಒರಟಾಗಿತ್ತು ಅಲ್ಲವೇ? ನಿನ್ನ ಮುಖದ ರಕ್ತ ಇಳಿದದ್ದು ನನಗೆ ಲಾರಿಯಿಂದಲೇ ಕಂಡಿತು. ಆಮೇಲೆ ನೀನು ದೋಣಿಗೆ ತಡೆಯ ಕೆಂಪು ಚೀಟಿ ಕಟ್ಟಿ, ಕಾಗದ ಸಿಕ್ಕಿಸಿದ ರಟ್ಟು ಮುಂದೆ ಹಿಡಿದು, "ದೋಣಿ ಮಾಲೀಕರು ಇಲ್ಲಿ ಸಹಿ ಹಾಕಿ" ಎಂದೆ. ಸುತ್ತ ಎಲ್ಲ ಊರಿನ ಬೆಸ್ತರೂ ನಿಂತಿದ್ದರು.

ದೋಣಿ ವಾಪಸು ಕಳಿಸಿದ್ದಕ್ಕೆ ಅವರಿಗೆ ಕೋಪವಿಲ್ಲ, ಇದು ನಿನಗೆ ಗೊತ್ತಿರಬೇಕು. ಬರುವಾಗ ದಾರಿಯಲ್ಲಿ ಅವರು ಆಡಿದ್ದು ಒಂದೇ ಮಾತು, "ನನ್ನನ್ನ ಮಾಲೀಕರು ಅಂದ್ಲು" ಎಂದು. ನಿನಗೂ ಬೇರೆ ದಾರಿ ಇರಲಿಲ್ಲ. ಅಪ್ಪಾ ಎಂದಿದ್ದರೆ ನಿನ್ನ ದನಿ ಒಡೆಯುತ್ತಿತ್ತು. ನನಗೆ ಅರ್ಥವಾಗುತ್ತದೆ. ಅವರಿಗೆ ಅರ್ಥವಾಗಲು ಸ್ವಲ್ಪ ನಿಧಾನ, ಅವರ ದೋಣಿಯ ಹಾಗೆ ನೆನೆಯಬೇಕು.

ಬಂದವರೇ ದೋಣಿಯನ್ನು ಅಂಗಳದಲ್ಲಿ ಬೋರಲು ಹಾಕಿದರು. ಚಳಿಗಾಲವಿಡೀ ಅದು ಹಾಗೇ ಬಿದ್ದಿತ್ತು. ಬೇರೆ ವರ್ಷವಾಗಿದ್ದರೆ ವಾರಕ್ಕೊಮ್ಮೆ ಹೋಗಿ ಎಣ್ಣೆ ಸವರಿ ಬರುವವರು, ಈ ಸಲ ಹತ್ತಿರವೂ ಸುಳಿಯಲಿಲ್ಲ. ಹಲಗೆಗಳ ಸಂದಿನಲ್ಲಿ ನನ್ನ ಕಿರುಬೆರಳು ತೂರುವಷ್ಟಾಯಿತು. ಕೆರೆಯಲ್ಲಿ ಮೀನಿಲ್ಲ, ಮೇಲಿನ ಕೆರೆಗೆ ಬಿಡುವುದಿಲ್ಲ, ದೋಣಿ ಯಾಕೆ ಎಂದು ಒಮ್ಮೆ ಅಂದರು. ಬೆಳಿಗ್ಗೆ ಎದ್ದು ಪೇಪರು, ಮಧ್ಯಾಹ್ನ ಪೇಪರು. ನನಗೆ ನಿಜವಾಗಿಯೂ ಭಯವಾಗಿತ್ತು. ಸಿಟ್ಟು ಮಾಡುವ ಗಂಡನ ಜೊತೆ ಬಾಳಿ ಅಭ್ಯಾಸವಿದೆ, ಸುಮ್ಮನೆ ಕೂರುವ ಗಂಡನ ಜೊತೆ ಹೇಗೆ ಬಾಳುವುದೆಂದು ನನಗೆ ಗೊತ್ತಿಲ್ಲ.

ಈಗ ನಾನು ಹೇಳಬೇಕೆಂದು ಕೂತದ್ದಕ್ಕೆ ಬರುತ್ತೇನೆ.

ಬೇಸಿಗೆ ಶುರುವಿನಲ್ಲಿ ಒಂದು ಬೆಳಿಗ್ಗೆ, ಷೆಡ್ಡಿನ ನೆಲ ತೇವ ಎಳೆಯುತ್ತಿದೆ, ಹಾಸಲು ಎರಡು ಹೊರೆ ಜೊಂಡು ಬೇಕು, ನನ್ನ ಮೊಣಕಾಲು ಕೇಳುವುದಿಲ್ಲ, ನೀವೇ ಹೋಗಿ ತನ್ನಿ ಎಂದು ಅವರನ್ನು ಎಬ್ಬಿಸಿದೆ. ಊರಾಚೆ ಹಲಗೆ ಸೇತುವೆಯ ಹಿಂದೆ ಜೊಂಡು ಬೆಳೆದು ಮುಚ್ಚಿಹೋಗಿರುವ ಹಿನ್ನೀರು ಇದೆಯಲ್ಲ, ಅಲ್ಲಿಗೆ. ಯಾರೂ ಹೋಗದ ಜಾಗ. ಜೊಂಡು ಕೊಯ್ಯುವವನೊಬ್ಬನೇ ಅಲ್ಲಿ ಇರುವುದು. ಗೊಣಗಿಕೊಂಡೇ ಹೋದರು.

ಊಟದ ಹೊತ್ತು ಮೀರಿದರೂ ಬರಲಿಲ್ಲ. ಆಮೇಲೆ ನೋಡುತ್ತೇನೆ, ನಿಮ್ಮಪ್ಪ ಓಡುತ್ತ ಬರುತ್ತಿದ್ದಾರೆ! ಅವರು ಓಡಿದ್ದು ನಾನು ಕಡೆಯದಾಗಿ ನೋಡಿದ್ದು ನೀನು ಹುಟ್ಟಿದ ದಿನ. ಪ್ಯಾಂಟಿಗೆ ಮೊಣಕಾಲಿನ ಮೇಲಕ್ಕೂ ಕೆಸರು, ಜೊಂಡಿನ ಸುಳಿವೇ ಇಲ್ಲ, ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಾರೆ, ಅದರಿಂದ ನೀರು ತೊಟ್ಟಿಕ್ಕುತ್ತಿದೆ. ನೇರ ಅಡುಗೆಮನೆಗೆ ನುಗ್ಗಿ, ಅವರು ತಂದ ನೀರನ್ನೇ ತಟ್ಟೆ ತೊಳೆಯುವ ಬೇಸಿನ್ನಿಗೆ ಸುರಿದು ಟೋಪಿಯಲ್ಲಿದ್ದುದನ್ನು ಬಿಟ್ಟರು. ಅಂಗೈ ಅಗಲದ ಕಪ್ಪೆಚಿಪ್ಪು. ನಾವಿಬ್ಬರೂ ಬೇಸಿನ್ನಿನ ಮೇಲೆ ಬಗ್ಗಿಕೊಂಡು ನಿಂತೆವು. ಸ್ವಲ್ಪ ಹೊತ್ತಿಗೆ ಅದು ಒಂದು ಕಡೆ ಬಾಯಿ ಬಿಟ್ಟು ತನ್ನ ಬಿಳಿ ಪಾದವನ್ನು ಮೆಲ್ಲಗೆ ಹೊರಗೆ ಚಾಚಿತು. ಜೀವಂತವಾಗಿತ್ತು! ನನಗೆ ಎಂಥ ಆಶ್ಚರ್ಯವಾಗಿರಬೇಕು ನೀನೇ ಯೋಚಿಸು. ಬಾಯಿ ಮೇಲೆ ಕೈ ಇಟ್ಟುಕೊಂಡೆ. ನಿಮ್ಮಪ್ಪ ಕಣ್ಣು ಒರೆಸಿಕೊಂಡರು, ಕೆಸರು ಹಾರಿತು ಎಂದರು.

ತಕ್ಷಣ ಅದನ್ನು ವಾಪಸು ಬಿಟ್ಟುಬಂದರು. ಮಾರನೆಯ ದಿನದಿಂದ ಪೇಪರು ಬಂದ್. ಬೆಳಿಗ್ಗೆ ಎದ್ದರೆ ಹಿನ್ನೀರು. ಅಲ್ಲಿ ಕಲ್ಲಿಲ್ಲ, ಗೂಟವಿಲ್ಲ, ದೋಣಿಯಿಲ್ಲ, ಬರೀ ಮೆತ್ತಗಿನ ಕೆಸರು. ಪಟ್ಟೆಯವಕ್ಕೆ ಅಂಟಿಕೊಳ್ಳಲು ಗಟ್ಟಿಯಾದದ್ದು ಏನಾದರೂ ಬೇಕು, ಅಲ್ಲಿ ಸಿಗುವುದು ನಮ್ಮ ದೊಡ್ಡ ಚಿಪ್ಪಿನ ಬೆನ್ನೊಂದೇ. ಅದರ ಮೇಲೆ ಕೂರುತ್ತವೆ ನಿಜ. ಆದರೆ ನೀರು ಕಾದಾಗ ನಮ್ಮ ಚಿಪ್ಪು ಕೆಸರಿನೊಳಗೆ ಇಳಿದು ಕೂತುಬಿಡುತ್ತದೆ. ಬೆನ್ನ ಮೇಲೆ ಸವಾರಿ ಮಾಡುತ್ತಿದ್ದವುಗಳಿಗೆ ಉಸಿರುಕಟ್ಟುತ್ತದೆ. ಅದು ಮತ್ತೆ ಮೇಲೆ ಬರುವಾಗ ಅವು ಸತ್ತು ಉದುರಿರುತ್ತವೆ. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ನೋಡಿದರೆ, ಅವು ನಡೆದ ದಾರಿ ಕೆಸರಿನ ಮೇಲೆ ಬೆರಳಿನಲ್ಲಿ ಗೀಚಿದ ಹಾಗೆ ಕಾಣುತ್ತದೆ. ಆ ಗೆರೆಯ ತುದಿಯಲ್ಲಿ ಕಾಲಿನ ಹೆಬ್ಬೆರಳಿನಿಂದ ಮೆಲ್ಲಗೆ ತಡವಿದರೆ ಗಟ್ಟಿಯಾಗಿ ಸಿಗುತ್ತದೆ. ಕೆಸರು ಮೇಲೆ ಬೆಚ್ಚಗೆ, ಒಳಗೆ ತಣ್ಣಗೆ. ಹಾಗೆಂದು ನಿಮ್ಮಪ್ಪ ಹೇಳಿದರು.

ಇನ್ನೊಂದು ದಿನ ಬಂದು ಬಾಗಿಲಲ್ಲೇ ನಿಂತು, "ಮರಿ ಇದಾವೆ ಕಣೇ" ಎಂದರು. ಉಗುರಿನಷ್ಟು ಚಿಕ್ಕವು, ಗೆರೆಯಿಲ್ಲದವು, ನಮ್ಮವೇ. ಅಂದರೆ ಅಲ್ಲಿ ಬದುಕಿ ಉಳಿದದ್ದು ಮುದಿಜೀವಗಳು ಮಾತ್ರವಲ್ಲ, ಸಂಸಾರವೂ ನಡೆದಿದೆ. ಅವುಗಳ ಮರಿ ಮೊದಲು ಮೀನಿನ ಕಿವಿರಿನಲ್ಲಿ ಕೂತು ಬೆಳೆಯುತ್ತದೆ ಎಂದು ನೀನು ಒಮ್ಮೆ ಹೇಳಿದ್ದೆಯಲ್ಲ, ಅದನ್ನು ನೆನಪಿಟ್ಟುಕೊಂಡು ನಿಮ್ಮಪ್ಪ ಮೀನು ಹುಡುಕಿದರು. ಇದ್ದವು. ಜೊಂಡಿನ ಬುಡದಲ್ಲಿ ಮರಿಮೀನುಗಳ ಹಿಂಡು, ಹೊಟ್ಟೆ ತುಂಬಿದವು, ಮೈ ಇರುವವು. ಅಲ್ಲಿಯ ನೀರು ತಿಳಿಯಾಗಿಲ್ಲ, ಚಹಾದ ಬಣ್ಣಕ್ಕಿದೆ. ನಿಮ್ಮಪ್ಪ ಅದನ್ನು ಗ್ಲಾಸಿನಲ್ಲಿ ತಂದು ಬೆಳಕಿಗೆ ಹಿಡಿದು ತೋರಿಸಿದಾಗ, ಬಣ್ಣದ ನೀರು ನೋಡಿ ಇಷ್ಟು ಸಂತೋಷಪಡುವವರು ನಾವಿಬ್ಬರೇ ಇರಬೇಕು ಎನಿಸಿತು.

ಮೀನು ಎಂದಮೇಲೆ ಕೇಳಬೇಕೆ, ವಾಸನೆ ಹಿಡಿದು ಬಂದೇಬಂದ ಬೋಳ. ನಿಮ್ಮಪ್ಪನ ಬಾಲ್ಯದ ಗೆಳೆಯ, ನಿನಗೆ ಈಜು ಕಲಿಸಿದ ಬೋಳ ಮಾಮ. ಅವನ ಮೇಲೆ ನನಗೆ ಸಿಟ್ಟಿಲ್ಲ. ಎಷ್ಟೋ ವಾರದಿಂದ ಖಾಲಿ ದೋಣಿಯಲ್ಲಿ ವಾಪಸು ಬರುತ್ತಿದ್ದಾನೆ, ಮನೆಯಲ್ಲಿ ಮಗಳ ಬಾಣಂತನ ಬೇರೆ. ಸೇತುವೆಯ ಕೆಳಗೆ ದೋಣಿ ತೂರಿಸಿ ಬಲೆ ಬೀಸಬೇಕೆಂದು ಬಂದ. ಸೇತುವೆಯ ಮೇಲೆ ನಿಮ್ಮಪ್ಪ ನಿಂತಿದ್ದಾರೆ. ಒಳಗೆ ಬಿಡುವುದಿಲ್ಲ ಎಂದರು. ಮೊದಲು ತಮಾಷೆ ಎಂದುಕೊಂಡ. ಆಮೇಲೆ, "ಕೆರೆ ನಿನ್ನ ಹೆಸರಿಗೆ ಬರೆಸ್ಕೊಂಡಿದೀಯೇನೋ?" ಎಂದ. ನಿಮ್ಮಪ್ಪ, "ನಾನೂ ಇಲ್ಲಿ ಬಲೆ ಹಾಕಿಲ್ಲ, ಹಾಕೋದೂ ಇಲ್ಲ. ನಿನ್ನ ದೋಣಿ ತಳಕ್ಕೆ ಕೈ ಆಡ್ಸಿ ನೋಡು, ಆಮೇಲೆ ಮಾತಾಡು" ಎಂದರಂತೆ. ಬೋಳ ಕೈ ಆಡಿಸಲಿಲ್ಲ. ಇಷ್ಟು ವರ್ಷದ ಗೆಳೆತನಕ್ಕೆ ಇದು ಬಹುಮಾನವಾ ಎಂದು ದೋಣಿ ತಿರುಗಿಸಿದ. ಅವತ್ತಿನಿಂದ ನಮ್ಮ ಬಾಗಿಲ ಮುಂದೆ ಹಾಯುವುದನ್ನು ಬಿಟ್ಟು ಹಿಂದಿನ ಬೀದಿಯಿಂದ ಹೋಗುತ್ತಿದ್ದಾನೆ.

ಅವತ್ತು ಸಂಜೆ ನಿಮ್ಮಪ್ಪ ಮನೆಯೊಳಗೆ ಹೋಗದೆ ಇಲ್ಲಿಗೆ, ಷೆಡ್ಡಿಗೆ ಬಂದರು. ಬಲೆಗಳ ಗುಡ್ಡೆಯ ಮೇಲೆ ಕೂತರು. ನಾನು ಹೆಣೆಯುತ್ತಲೇ ಇದ್ದೆ, ಅವರು ಮಾತಾಡಬೇಕಾದರೆ ಯಾರೂ ಅವರ ಮುಖ ನೋಡಬಾರದು. "ಸರಿಯಾದ ಕೆಲಸ ಮಾಡಿದ್ರೂ ಅನ್ನ ಇಳಿಯಲ್ಲ ಅಂತ ಗೊತ್ತಿರ್ಲಿಲ್ಲ" ಎಂದರು. ನಾನು ಹ್ಞೂಂ ಎಂದೆ. ಬಲೆಯಿಂದ ಒಂದು ಚಿಪ್ಪು ಕಿತ್ತು, ನೆಲ ನೋಡುತ್ತ, "ಅವಳು ಅವತ್ತು ಊಟ ಮಾಡಿದ್ಲೇನೇ?" ಎಂದು ಕೇಳಿದರು.

ಯಾರು, ಯಾವತ್ತು ಎಂದು ನಾನು ಕೇಳಲಿಲ್ಲ. ಗೊತ್ತಿಲ್ಲ ಎಂದೆ. ಕೈಯಲ್ಲಿದ್ದ ದಾರ ಎರಡು ಸಲ ತಪ್ಪು ಕಣ್ಣಿಗೆ ಹೋಯಿತು. ಮಗಳೇ, ಆ ಪಂದ್ಯದ ದಿನ ನೀನು ಊಟ ಮಾಡಿದೆಯಾ? ನಾನು ಇಷ್ಟು ದಿನ ಯಾಕೆ ಕೇಳಲಿಲ್ಲವೋ. ಗಂಡನ ಮುಖ ಊದಿದ್ದನ್ನು ನೋಡಿಕೊಳ್ಳುವುದರಲ್ಲೇ ಮುಳುಗಿಹೋಗಿದ್ದೆ. ನಿಜ ಬರೆ, ಅಮ್ಮ ನೊಂದುಕೊಳ್ಳುತ್ತಾಳೆಂದು ಸುಳ್ಳು ಬರೆಯಬೇಡ.

ಬೋಳನ ವಿಷಯದಲ್ಲಿ ಇನ್ನೊಂದು ಬೆಳವಣಿಗೆ. ಮೊನ್ನೆ ಅವನು ದೋಣಿ ಬಿಟ್ಟು ನಡೆದುಕೊಂಡು ಸೇತುವೆಗೆ ಬಂದಿದ್ದನಂತೆ. ಆ ತುದಿಯಲ್ಲಿ ಅವನು, ಈ ತುದಿಯಲ್ಲಿ ಇವರು. ಆಮೇಲೆ ನೀರಿನಲ್ಲಿ ಮರಿಮೀನಿನ ಹಿಂಡೊಂದು ತಿರುಗಿದಾಗ ಇಬ್ಬರೂ ಒಟ್ಟಿಗೇ "ಓಹ್" ಎಂದುಬಿಟ್ಟರಂತೆ. ಅಷ್ಟಾದ ಮೇಲೆ ಅವನು ಮತ್ತೆ ಮುಖ ಗಂಟಿಕ್ಕಿಕೊಂಡು ಹೋದ. ಹೋಗಲಿ, ನಾಳೆ ಚಹಾಕ್ಕೆ ಬರುತ್ತಾನೆ ನೋಡು. ಅವನ ಹೆಂಡತಿ ಮಾಡುವ ಚಹಾ ಅವನಿಗೇ ಸೇರುವುದಿಲ್ಲ.

ಆದರೆ ಎಲ್ಲರೂ ಬೋಳನ ಹಾಗಲ್ಲ. ಈ ತಿಂಗಳ ಕೊನೆಗೆ ದೋಣಿಕಟ್ಟೆ ಸಮಿತಿ ಸೇರುತ್ತದೆ. ಹಿನ್ನೀರಿನ ಬಾಯಿ ತೆರೆದು, ಜೊಂಡು ತೆಗೆದು, ದೋಣಿ ಕಟ್ಟಲು ಗೂಟ ನೆಡಬೇಕೆಂದು ಕೆಲವರು ಅರ್ಜಿ ಕೊಟ್ಟಿದ್ದಾರೆ. ಒಂದು ಸಲ ಗೂಟ ಇಳಿಯಿತೆಂದರೆ ಪಟ್ಟೆಯವಕ್ಕೆ ಮನೆ ಕಟ್ಟಿಕೊಟ್ಟ ಹಾಗೆ, ಅಲ್ಲಿಗೆ ಮುಗಿಯಿತು. ನಿಮ್ಮಪ್ಪ ಒಬ್ಬರು ಸೇತುವೆ ಮೇಲೆ ನಿಂತು ಎಷ್ಟು ದಿನ ತಡೆಯುತ್ತಾರೆ? ಸಭೆಯಲ್ಲಿ ಎದ್ದು ನಿಂತರೆ ಅವರಿಗೆ ಮಾತಿಗಿಂತ ಮೊದಲು ಸಿಟ್ಟು ಬರುತ್ತದೆ. ಯಾರಾದರೂ ತಿಳಿದವರು ಬಂದು, ನೋಡಿ, ಲೆಕ್ಕ ಹಾಕಿ, ಇದು ಇಡೀ ಕೆರೆಗೆ ಮತ್ತೆ ಬೀಜವಾಗಬಹುದಾದ ಜಾಗ ಎಂದು ಬರೆದುಕೊಟ್ಟರೆ ಸಮಿತಿ ಬಗ್ಗುತ್ತದೆ. ಆ ತಿಳಿದವರು ಯಾರು ಎಂದು ನಾನು ಹೇಳಬೇಕಿಲ್ಲ.

ನಿಮ್ಮಪ್ಪ ಕರೆಯುವುದಿಲ್ಲ, ಅದನ್ನು ಕಾಯಬೇಡ. ಆದರೆ ನಾಲ್ಕು ದಿನದಿಂದ ಅಂಗಳದಲ್ಲಿ ಏನು ನಡೆಯುತ್ತಿದೆ ಗೊತ್ತೇ? ದೋಣಿಯನ್ನು ಮಗುಚಿ ನೆಟ್ಟಗೆ ಇಟ್ಟಿದ್ದಾರೆ. ಹಂಡೆಯಲ್ಲಿ ನಲ್ಲಿ ನೀರು ಕುದಿಸಿ, ಬಕೆಟ್ಟಿನಲ್ಲಿ ಹೊತ್ತು ತಂದು ದೋಣಿಗೆ ಸುರಿಯುತ್ತಿದ್ದಾರೆ. ಬಿಸಿನೀರಲ್ಲಿ ಹಲಗೆ ಇನ್ನೂ ಬೇಗ ಊದಿ ಸಂದು ಮುಚ್ಚುತ್ತದಂತೆ, ಜೊತೆಗೆ ಒಳಗೆ ಏನಿದ್ದರೂ ಬೆಂದುಹೋಗುತ್ತದಂತೆ. ಹೋಗಿಬರುವವರೆಲ್ಲ ದೋಣಿಗೆ ಸ್ನಾನವಾ, ಬಾಣಂತಿ ದೋಣಿಯಾ ಎಂದು ಕಿಸಕ್ಕೆಂದು ನಗುತ್ತಾರೆ. ಇವರು ತಲೆಯೆತ್ತಿಯೂ ನೋಡುವುದಿಲ್ಲ. ಈ ವರ್ಷದ ಪಂದ್ಯಕ್ಕಾ ಎಂದು ನಾನೂ ಕೇಳಿಲ್ಲ. ನನಗಂತೂ ಹಂಡೆಯ ಹೊಗೆಗೆ ಕಣ್ಣು ಉರಿದರೂ ಮನಸ್ಸು ತಂಪಾಗಿದೆ.

ಬಾ ಮಗಳೇ. ಕೆಲಸದ ಮೇಲೆ ಬಂದೆ ಎಂದೇ ಬಾ, ಆಗ ಇಬ್ಬರ ಮಾನವೂ ಉಳಿಯುತ್ತದೆ. ಬಂದ ಮೇಲೆ ನಾನು ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡಿಕೊಂಡಿರುತ್ತೇನೆ, ನಿಮ್ಮ ಮಾತಿಗೆ ಅಡ್ಡ ಬರುವುದಿಲ್ಲ. ನಿನ್ನ ಮೇಲಿನ ಕೆರೆ ಇನ್ನೂ ಚೊಕ್ಕಟವಾಗಿದೆ ಎಂದು ಕೇಳಿದಾಗಲೆಲ್ಲ, ಅದಕ್ಕಾಗಿ ನೀನು ಕೊಟ್ಟದ್ದು ಎಷ್ಟು ಎಂದು ನನಗೆ ಗೊತ್ತಿದೆ. ಇಲ್ಲಿಯೂ ಒಂದು ಹಿಡಿಯಷ್ಟು ಉಳಿದಿದೆ. ಬಂದು ನೋಡು.

ದಾರಿ ಕಾಯುವ,
ನಿನ್ನ ಅಮ್ಮ

ಮರೆತಿದ್ದೆ: ಲಕೋಟೆ ಅಂಟಿಸಲು ನೋಡಿದರೆ ಗೋಂದು ಮುಗಿದಿದೆ. ನಿಮ್ಮಪ್ಪ ಅಂಚೆ ಕಚೇರಿಯ ಕಡೆ ಹೊರಟಿದ್ದಾರೆ, ಅಲ್ಲೇ ಅಂಟಿಸಿ ಡಬ್ಬಕ್ಕೆ ಹಾಕಲು ಹೇಳಿ ಕೊಡುತ್ತೇನೆ. ಅವರು ಇನ್ನೊಬ್ಬರ ಕಾಗದ ಓದುವವರಲ್ಲ ಬಿಡು.

(ಇಲ್ಲಿಂದ ಪೆನ್ಸಿಲಿನಲ್ಲಿ, ದೊಡ್ಡ ಅಕ್ಷರಗಳಲ್ಲಿ)

ಮಗಳೇ,

ಓದಿದೆ. ಅಂಚೆ ಕಚೇರಿಯ ಬೆಂಚಿನ ಮೇಲೆ ಕೂತು ಪೂರ್ತಿ ಓದಿದೆ. ಮನೆಯಲ್ಲಿ ಗೋಂದಿನ ಬಾಟಲಿ ತುಂಬಿದೆ, ನಿನ್ನೆ ನಾನೇ ತಂದದ್ದು.

ನಿನ್ನ ಅಮ್ಮ ಬರೆಯದೆ ಬಿಟ್ಟ ಸಂಗತಿ ಒಂದಿದೆ. ಆ ಹಿನ್ನೀರಿನ ಚಿಪ್ಪುಗಳನ್ನು ಕಂಡುಹಿಡಿದದ್ದು ನಾನಲ್ಲ, ಅವಳು. ನಾನು ಮೊದಲ ದಿನ ಹೋದಾಗಲೇ ಜೊಂಡು ಕೊಯ್ಯುವವನು, "ಚಳಿ ಬಿಟ್ಟಾಗಿಂದ ನಿಮ್ಮ ಮನೆಯವ್ರು ಬಂದು ಇಲ್ಲಿ ಕೆಸರಲ್ಲಿ ಓಡಾಡ್ತಿದಾರೆ, ಇವತ್ತು ನಿಮ್ಮನ್ನ ಕಳ್ಸಿದ್ರಾ" ಎಂದ. ಎಲ್ಲಿ ಕಾಲಿಡಬೇಕೆಂದೂ ಅವನೇ ತೋರಿಸಿದ, ಅವಳು ಹೇಳಿಹೋಗಿದ್ದಳಂತೆ. ಮೊಣಕಾಲು ನೋವು ಇಟ್ಟುಕೊಂಡು ಅಷ್ಟು ದೂರ ನಡೆದಿದ್ದಾಳೆ. ಹುಡುಕಿದ್ದನ್ನು ನಿನಗೆ ಫೋನು ಮಾಡಿ ಹೇಳಿದ್ದರೆ ಅವತ್ತೇ ನೀನು ಓಡಿ ಬರುತ್ತಿದ್ದೆ. ಅವಳು ಹಾಗೆ ಮಾಡದೆ ನನ್ನನ್ನು ಕುರ್ಚಿಯಿಂದ ಎಬ್ಬಿಸಲು ಅದನ್ನು ಇಟ್ಟುಕೊಂಡಳು. ನಾನೇ ಕಂಡುಹಿಡಿದೆನೆಂದು ನಾನು ನಂಬಿದ್ದೇನೆ ಎಂದು ಅವಳು ನಂಬಿದ್ದಾಳೆ. ನಂಬಿಕೊಂಡಿರಲಿ, ನೀನು ಬಾಯಿ ಬಿಡಬೇಡ.

ನಾನು ಕರೆಯುವುದಿಲ್ಲ ಎಂದು ಬರೆದಿದ್ದಾಳಲ್ಲ, ಅದು ತಪ್ಪು. ಕರೆಯುತ್ತಿದ್ದೇನೆ. ಯಾವ ಬಸ್ಸು ಎಂದು ತಿಳಿಸು, ನಿಲ್ದಾಣಕ್ಕೆ ನಾನೇ ಬರುತ್ತೇನೆ. ನಿನ್ನ ಬೂಟು ಮಾತ್ರ ಬಿಸಿನೀರಿನಲ್ಲಿ ತೊಳೆದು ಒಣಗಿಸಿ ತಾ. ಇಲ್ಲದಿದ್ದರೆ ಸೇತುವೆ ದಾಟಲು ನಾನು ಬಿಡುವುದಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಅಪ್ಪ